ಆಪರೇಷನ್ ಮುಗಿದ ಮೂರನೆಯ ದಿನ: ಅರಿವಳಿಕೆ, ಗಾಯ ಮತ್ತು ಕುಗ್ಗುವ ಉಸಿರು

ಕಾಸರಗೋಡಿನ ನಮ್ಮ ಕಡೆ ಯಾರಿಗಾದರೂ ಆಪರೇಷನ್ ನಿಶ್ಚಯವಾದರೆ ಮನೆಯವರು ವೈದ್ಯರಲ್ಲಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: “ಬೋಧ ತಪ್ಪಿಸಿದ ಮೇಲೆ ಸರಿಯಾಗಿ ಎಚ್ಚರ ಆಗ್ತದಲ್ಲ ಡಾಕ್ಟ್ರೇ?” ಆಗುತ್ತದೆ ಎಂಬ ಉತ್ತರ ಸಿಕ್ಕಿದ ಮೇಲೆ ಎರಡನೆಯ ಪ್ರಶ್ನೆ ಹುಟ್ಟುವುದು ಕಡಿಮೆ. ಅರಿವಳಿಕೆಯ ಅಪಾಯವೆಂದರೆ ಏಳದೇ ಹೋಗುವುದು, ಎದ್ದರೆ ಅಪಾಯ ದಾಟಿತು ಎಂಬ ಲೆಕ್ಕ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದೆ. ಈಗಿನ ಔಷಧಗಳು ಮತ್ತು ನಿಗಾ ಯಂತ್ರಗಳ ಕಾಲದಲ್ಲಿ ಆ ಭಯಕ್ಕೆ ಆಧಾರ ಬಹಳ ಕಡಿಮೆ. ನಿಜವಾದ ತೊಂದರೆ ಹಲವು ಬಾರಿ ಎಚ್ಚರವಾದ ನಂತರ, ಎರಡನೆಯ ಅಥವಾ ಮೂರನೆಯ ದಿನ, ಎಲ್ಲರೂ ನಿರಾಳರಾಗಿ ಚಾ ಕುಡಿಯಲು ಕ್ಯಾಂಟೀನಿಗೆ ಇಳಿದಿರುವ ಹೊತ್ತಿನಲ್ಲಿ ಬರುತ್ತದೆ, ಮತ್ತು ಅದು ಬರುವುದು ಉಸಿರಿನ ದಾರಿಯಲ್ಲಿ.

ನನ್ನ ಸೋದರಮಾವನಿಗೆ ಆದದ್ದು ಹಾಗೆಯೇ. ಅವರಿಗೆ ಆಗ ಅರವತ್ತೇಳು ವರ್ಷ. ಪೆರ್ಲದ ಬಳಿ ತೋಟ, ಮೂವತ್ತು ವರ್ಷ ಬೀಡಿ ಸೇದಿ ಬಿಟ್ಟವರು. ಪಿತ್ತಕೋಶದ ಕಲ್ಲಿಗೆ ಗಡಿಯಾಚೆಯ ಒಂದು ಆಸ್ಪತ್ರೆಯಲ್ಲಿ ಸಣ್ಣ ತೂತುಗಳ ಮೂಲಕ ಶಸ್ತ್ರಚಿಕಿತ್ಸೆ ಎಂದು ಆರಂಭಿಸಿದ್ದನ್ನು, ಒಳಗೆಲ್ಲ ಅಂಟಿಕೊಂಡಿದ್ದ ಕಾರಣ ಹೊಟ್ಟೆ ತೆರೆದು ಮುಗಿಸಬೇಕಾಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಬೆಳಿಗ್ಗೆ ಜ್ವರ, ಬೀಸುವಂಥ ಉಸಿರು, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ 88. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ತಳ ಬೆಳ್ಳಗೆ ಕಾಣಿಸಿತು. ಐದು ದಿನ ಹೆಚ್ಚು ಆಸ್ಪತ್ರೆ, ಆ್ಯಂಟಿಬಯೋಟಿಕ್, ಆಮ್ಲಜನಕ. ಮನೆಗೆ ಬಂದು ಚೀಲ ಬಿಚ್ಚಿದಾಗ ಬಿಲ್ಲಿನಲ್ಲಿ ನಮೂದಾಗಿದ್ದ ಮೂರು ಗೋಲಿಗಳ ಉಸಿರಾಟದ ಸಾಧನ ಪ್ಲಾಸ್ಟಿಕ್ ತೊಟ್ಟೆಯ ಸೀಲು ಕೂಡ ಒಡೆಯದೆ ಹಾಗೇ ಇತ್ತು. ಅದನ್ನು ಯಾವಾಗ, ಹೇಗೆ, ಯಾಕೆ ಬಳಸಬೇಕೆಂದು ಯಾರೂ ಮಾವನಿಗೆ ಹೇಳಿರಲಿಲ್ಲ, ಅಥವಾ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿರಲಿಲ್ಲ.

ಇಂಥ ಘಟನೆಯನ್ನು ವೈದ್ಯರ ಅಜಾಗರೂಕತೆ ಎಂದೋ ರೋಗಿಯ ಗ್ರಹಚಾರ ಎಂದೋ ತಳ್ಳಿಹಾಕುವ ಮೊದಲು, ಪ್ರಜ್ಞೆ ತಪ್ಪಿಸಿದಾಗ ಮತ್ತು ಹೊಟ್ಟೆ ಕೊಯ್ದಾಗ ಶ್ವಾಸಕೋಶಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕು. ಏಕೆಂದರೆ ಇದು ಅಪರೂಪದ ಅಪಘಾತವಲ್ಲ. ಮೇಜಿನ ಮೇಲೆ ಮಲಗುವ ಪ್ರತಿಯೊಬ್ಬರಲ್ಲೂ ಅಷ್ಟೋ ಇಷ್ಟೋ ನಡೆಯುವ ಸಂಗತಿ, ಕೆಲವರಲ್ಲಿ ಮಾತ್ರ ಕಾಯಿಲೆಯಾಗಿ ಬೆಳೆಯುತ್ತದೆ.

ನಾವು ಸಹಜವಾಗಿ ಉಸಿರು ಬಿಟ್ಟ ಮೇಲೂ ಎದೆಯೊಳಗೆ ಸಾಕಷ್ಟು ಗಾಳಿ ಉಳಿದಿರುತ್ತದೆ. ನಿಂತಿರುವ ಸಾಧಾರಣ ಮೈಕಟ್ಟಿನ ವಯಸ್ಕರಲ್ಲಿ ಇದು ಸುಮಾರು ಎರಡೂವರೆಯಿಂದ ಮೂರು ಲೀಟರ್. ಈ ಉಳಿಕೆ ಗಾಳಿಯೇ ದೇಹದ ಆಮ್ಲಜನಕದ ಉಗ್ರಾಣ. ವಾಯುಕೋಶಗಳು ಮುಚ್ಚಿಕೊಳ್ಳದಂತೆ ಒಳಗಿನಿಂದ ಆನಿಸಿ ಹಿಡಿದಿರುವುದೂ ಇದೇ. ಅಂಗಾತ ಮಲಗಿದ ಕೂಡಲೇ ಹೊಟ್ಟೆಯ ಅಂಗಗಳು ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಆ ಕೊಡೆಯಾಕಾರದ ಸ್ನಾಯುವನ್ನು, ಮೇಲಕ್ಕೆ ತಳ್ಳುವುದರಿಂದ ಈ ಉಳಿಕೆಯಲ್ಲಿ ಮುಕ್ಕಾಲರಿಂದ ಒಂದು ಲೀಟರ್ ಕಡಿಮೆಯಾಗುತ್ತದೆ. ಪ್ರಜ್ಞೆ ತಪ್ಪಿಸುವ ಔಷಧ ರಕ್ತಕ್ಕೆ ಸೇರಿದ ನಿಮಿಷದೊಳಗೆ ಉಸಿರಾಟದ ಸ್ನಾಯುಗಳು ತಮ್ಮ ಬಿಗಿ ಕಳೆದುಕೊಂಡು ಇನ್ನೂ ನಾನೂರರಿಂದ ಐನೂರು ಮಿಲಿಲೀಟರ್ ಹೋಗುತ್ತದೆ. ಸ್ನಾಯು ಸಡಿಲಿಸುವ ಮದ್ದನ್ನು ಬೇರೆಯಾಗಿ ಕೊಟ್ಟರೂ ಕೊಡದಿದ್ದರೂ ಈ ಇಳಿಕೆ ತಪ್ಪುವುದಿಲ್ಲ. ಕೆಟಮಿನ್ ಎಂಬ ಅರಿವಳಿಕೆ ಔಷಧ ಒಂದು ಮಾತ್ರ ಇದಕ್ಕೆ ಅಪವಾದದಂತಿದೆ. ಹೀಗೆ ಮೂರು ಲೀಟರಿನ ಉಗ್ರಾಣ ಒಂದೂವರೆ ಲೀಟರಿನ ಆಸುಪಾಸಿಗೆ ಬರುತ್ತದೆ, ಅದೂ ಇನ್ನೂ ಕತ್ತಿ ಮೈಗೆ ತಾಗುವ ಮೊದಲೇ.

ಉಗ್ರಾಣ ಕುಗ್ಗಿದರೆ ಮೊದಲು ಮುಚ್ಚಿಕೊಳ್ಳುವುದು ಬೆನ್ನಿನ ಕಡೆಯ, ವಪೆಗೆ ಹತ್ತಿರದ ಭಾಗ. ಮಲಗಿದವನ ಶ್ವಾಸಕೋಶದಲ್ಲಿ ಭಾರವೆಲ್ಲ ಬೀಳುವುದು ಅಲ್ಲಿಗೆ. ಇದಕ್ಕೆ ವಯಸ್ಸೂ ಕೈಜೋಡಿಸುತ್ತದೆ. ಸಣ್ಣ ಗಾಳಿನಳಿಗೆಗಳು ವಯಸ್ಸಾದಂತೆ ಸಡಿಲವಾಗಿ, ಹೆಚ್ಚು ಗಾಳಿ ಉಳಿದಿರುವಾಗಲೇ ಮುಚ್ಚಿಕೊಳ್ಳತೊಡಗುತ್ತವೆ. ಮಲಗಿದ ಭಂಗಿಯಲ್ಲಿ ಸುಮಾರು ನಲವತ್ತನಾಲ್ಕರ ವಯಸ್ಸಿಗೆ, ನಿಂತ ಭಂಗಿಯಲ್ಲಿ ಸುಮಾರು ಅರವತ್ತಾರರ ವಯಸ್ಸಿಗೆ, ಸಹಜ ಉಸಿರಾಟದ ನಡುವೆಯೇ ಕೆಲವು ನಳಿಗೆಗಳು ಮುಚ್ಚುತ್ತವೆ ಎಂಬುದು ಶರೀರಶಾಸ್ತ್ರದ ಹಳೆಯ ಲೆಕ್ಕ. ಅರವತ್ತೇಳರ ಮಾವ ಮೇಜಿನ ಮೇಲೆ ಮಲಗುವಾಗಲೇ ಗಡಿ ದಾಟಿದ್ದರು ಎನ್ನಬಹುದು.

ಹೀಗೆ ಗಾಳಿ ಇಲ್ಲದೆ ಕುಸಿದ ಭಾಗಕ್ಕೆ ಅಟೆಲೆಕ್ಟಾಸಿಸ್ ಎಂದು ಹೆಸರು. 1963ರಲ್ಲಿ ಬೆಂಡಿಕ್ಸನ್ ಮತ್ತು ಅವರ ಸಹೋದ್ಯೋಗಿಗಳು ಅರಿವಳಿಕೆಯಲ್ಲಿರುವವರ ರಕ್ತದ ಆಮ್ಲಜನಕ ಕ್ರಮೇಣ ಇಳಿಯುವುದನ್ನು ಅಳೆದು, ಶ್ವಾಸಕೋಶ ಒಳಗೊಳಗೇ ಕುಸಿಯುತ್ತಿರಬೇಕೆಂದು ಊಹಿಸಿದ್ದರು. ಆದರೆ ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಾಣುತ್ತಿರಲಿಲ್ಲ. ಕಂಡದ್ದು 1980ರ ದಶಕದಲ್ಲಿ, ಸ್ವೀಡನ್ನಿನ ಹೆಡೆನ್‌ಸ್ಟಿಯರ್ನಾ ಮತ್ತವರ ತಂಡ ಪ್ರಜ್ಞೆ ತಪ್ಪಿಸಿದ ಆರೋಗ್ಯವಂತ ಶ್ವಾಸಕೋಶದವರನ್ನು ಸಿಟಿ ಸ್ಕ್ಯಾನಿನೊಳಗೆ ಮಲಗಿಸಿ ನೋಡಿದಾಗ. ಔಷಧ ಕೊಟ್ಟ ಕೆಲವೇ ನಿಮಿಷಗಳಲ್ಲಿ ಎರಡೂ ಶ್ವಾಸಕೋಶಗಳ ಬೆನ್ನಿನ ಬದಿಯಲ್ಲಿ ಅರ್ಧಚಂದ್ರದಂತೆ ದಟ್ಟವಾದ ಪಟ್ಟಿ ಮೂಡಿತ್ತು. ಪೂರ್ಣ ಅರಿವಳಿಕೆ ಪಡೆಯುವ ನೂರರಲ್ಲಿ ಸುಮಾರು ತೊಂಬತ್ತು ಮಂದಿಯಲ್ಲಿ ಇದು ಕಾಣಿಸಿಕೊಳ್ಳುತ್ತದೆಂದು ಆಮೇಲಿನ ಅಧ್ಯಯನಗಳು ಹೇಳಿದವು.

ಕುಸಿದದ್ದು ಮತ್ತೆ ತಾನಾಗಿ ಯಾಕೆ ತೆರೆಯುವುದಿಲ್ಲ ಎಂಬುದಕ್ಕೆ ಅಂಗಡಿಯ ತೆಳು ಪ್ಲಾಸ್ಟಿಕ್ ತೊಟ್ಟೆಯನ್ನು ನೆನಪಿಸಿಕೊಳ್ಳಬಹುದು. ಒದ್ದೆಯಾಗಿ ಅಂಟಿದ ತೊಟ್ಟೆಯ ಬಾಯನ್ನು ಬಿಡಿಸಲು ಬೆರಳುಗಳ ನಡುವೆ ಎಷ್ಟೋ ಹೊತ್ತು ಉಜ್ಜಬೇಕು. ಒಮ್ಮೆ ಬಿಡಿಸಿಕೊಂಡರೆ ಮತ್ತೆ ಸುಲಭವಾಗಿ ಅಗಲವಾಗುತ್ತದೆ. ವಾಯುಕೋಶದ ಒಳಗೋಡೆಯೂ ಒದ್ದೆಯೇ. ಅದು ಅಂಟಿಕೊಳ್ಳದಂತೆ ಸರ್ಫ್ಯಾಕ್ಟೆಂಟ್ ಎಂಬ ಲೇಪ ಕಾಯುತ್ತದೆ, ಮತ್ತು ಆ ಲೇಪ ಹೊಸದಾಗಿ ಹರಡುವುದು ಆಗೊಮ್ಮೆ ಈಗೊಮ್ಮೆ ನಾವು ಅರಿವಿಲ್ಲದೆ ತೆಗೆದುಕೊಳ್ಳುವ ದೀರ್ಘ ಉಸಿರಿನಿಂದ. ಎಚ್ಚರವಿರುವ ಮನುಷ್ಯ ಗಂಟೆಗೆ ಹಲವು ಬಾರಿ ನಿಟ್ಟುಸಿರು ಬಿಡುವುದು ದುಃಖಕ್ಕಲ್ಲ, ಶ್ವಾಸಕೋಶದ ಈ ಮನೆವಾರ್ತೆಗೆ. ಅರಿವಳಿಕೆಯಲ್ಲಿ ಈ ನಿಟ್ಟುಸಿರು ನಿಂತುಹೋಗುತ್ತದೆ. ನೋವಿಗೆ ಕೊಡುವ ಮಾರ್ಫಿನ್ ಜಾತಿಯ ಔಷಧಗಳೂ ಅದನ್ನು ಅಡಗಿಸುತ್ತವೆ.

ಇಲ್ಲಿ ವಿಚಿತ್ರವೆನಿಸುವ ಇನ್ನೊಂದು ಸಂಗತಿಯಿದೆ. ಪ್ರಜ್ಞೆ ತಪ್ಪಿಸುವ ಮೊದಲು ಮುಖಕ್ಕೆ ಮಾಸ್ಕ್ ಹಿಡಿದು ಮೂರು ನಿಮಿಷ ಶುದ್ಧ ಆಮ್ಲಜನಕ ಕೊಡುತ್ತಾರೆ. ಗಂಟಲಿಗೆ ನಳಿಗೆ ಇಳಿಸುವಾಗ ತಡವಾದರೂ ಆರೋಗ್ಯವಂತ ವಯಸ್ಕರಿಗೆ ಏಳೆಂಟು ನಿಮಿಷಗಳ ಅವಕಾಶ ಇದರಿಂದ ಸಿಗುತ್ತದೆ. ಬರೀ ಗಾಳಿಯಲ್ಲಾದರೆ ಒಂದು ನಿಮಿಷ ಸಿಕ್ಕರೆ ಹೆಚ್ಚು. ಆದರೆ ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ನೈಟ್ರೋಜನ್, ಅದು ರಕ್ತಕ್ಕೆ ಹೆಚ್ಚು ಹೀರಿಕೊಳ್ಳುವುದಿಲ್ಲವಾದ್ದರಿಂದ ವಾಯುಕೋಶಗಳಿಗೆ ಊರುಗೋಲಿನಂತೆ ನಿಂತಿರುತ್ತದೆ. ಶುದ್ಧ ಆಮ್ಲಜನಕ ಆ ಊರುಗೋಲನ್ನು ತೆಗೆದುಹಾಕುತ್ತದೆ. ಸಣ್ಣ ಗಾಳಿನಳಿಗೆ ಮುಚ್ಚಿದ ಭಾಗದೊಳಗಿನ ಆಮ್ಲಜನಕವನ್ನು ರಕ್ತ ಬೇಗನೆ ಹೀರಿಕೊಂಡ ಮೇಲೆ ಕೋಶ ಕುಸಿಯದೆ ಬೇರೆ ದಾರಿಯಿಲ್ಲ. ಪ್ರಾಣ ಉಳಿಸುವ ಅನಿಲವೇ ಸ್ವಲ್ಪ ಮಟ್ಟಿಗೆ ಶ್ವಾಸಕೋಶ ಮುಚ್ಚಲೂ ಕಾರಣವಾಗುವ ಈ ಇಕ್ಕಟ್ಟಿನಲ್ಲಿ ಅರಿವಳಿಕೆ ತಜ್ಞರು ಆರಂಭದಲ್ಲಿ ಧಾರಾಳವಾಗಿ ಕೊಟ್ಟು, ನಳಿಗೆ ಕುಳಿತ ಮೇಲೆ ಪ್ರಮಾಣ ಇಳಿಸುತ್ತಾರೆ. ಆರಂಭದ ಧಾರಾಳವನ್ನು ಟೀಕಿಸುವುದು ಸರಿಯಲ್ಲ. ಅಲ್ಲಿ ಉಳಿಯುವ ಜೀವದ ಮುಂದೆ ಈ ಕುಸಿತ ಚಿಕ್ಕದು.

ಯಂತ್ರ ಉಸಿರಾಡಿಸುವಾಗ ಎಷ್ಟು ಗಾಳಿ ಕೊಡಬೇಕು ಎಂಬುದು ಕಳೆದ ಇಪ್ಪತ್ತು ವರ್ಷಗಳಲ್ಲಿ ಹೆಚ್ಚು ಚರ್ಚೆಯಾದ ವಿಷಯ. ಹಿಂದೆ ಕುಸಿತ ತಡೆಯಲೆಂದು ಒಂದೊಂದು ಉಸಿರಿಗೂ ದೊಡ್ಡ ಪ್ರಮಾಣದ ಗಾಳಿ ತುಂಬುತ್ತಿದ್ದರು. ತೆರೆದಿರುವ ಭಾಗ ಇದರಿಂದ ಅತಿಯಾಗಿ ಹಿಗ್ಗಿ ಹಾನಿಯಾಗುತ್ತದೆಂದು ಈಗ ಗೊತ್ತಿದೆ. ಈಗಿನ ಲೆಕ್ಕ ಕಿಲೋಗೆ ಆರರಿಂದ ಎಂಟು ಮಿಲಿಲೀಟರ್, ಅದೂ ತಕ್ಕಡಿಯ ತೂಕಕ್ಕಲ್ಲ, ಎತ್ತರಕ್ಕೆ ತಕ್ಕುದಾಗಿ ಇರಬೇಕಾದ ತೂಕಕ್ಕೆ. 160 ಸೆಂಟಿಮೀಟರ್ ಎತ್ತರದ ಗಂಡಸಿಗೆ ಈ ತೂಕ ಸುಮಾರು 57 ಕಿಲೋ, ಆದ್ದರಿಂದ ಉಸಿರೊಂದಕ್ಕೆ 340ರಿಂದ 455 ಮಿಲಿಲೀಟರ್. 150 ಸೆಂಟಿಮೀಟರಿನ ಹೆಂಗಸಿಗೆ ತೂಕ 43 ಕಿಲೋ, ಉಸಿರಿಗೆ 260ರಿಂದ 345. ಆಕೆ ನಿಜದಲ್ಲಿ 80 ಕಿಲೋ ತೂಗಿದರೂ ಶ್ವಾಸಕೋಶ ಬೆಳೆದಿರುವುದಿಲ್ಲ, ಬೆಳೆದಿರುವುದು ಹೊಟ್ಟೆ. ಎಲ್ಲರಿಗೂ ಐನೂರು ಎಂದು ಯಂತ್ರದ ಗುಂಡಿ ತಿರುಗಿಸಿಬಿಟ್ಟರೆ ಹೆಚ್ಚು ಪೆಟ್ಟು ಬೀಳುವುದು ಗಿಡ್ಡನೆಯ ಹೆಂಗಸರಿಗೆ.

2013ರಲ್ಲಿ ಪ್ರಕಟವಾದ ಇಂಪ್ರೂವ್ ಎಂಬ ಫ್ರೆಂಚ್ ಅಧ್ಯಯನದಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೊಳಗಾದ 400 ಮಂದಿಯನ್ನು ಎರಡು ಗುಂಪು ಮಾಡಿದ್ದರು. ಸಣ್ಣ ಉಸಿರು, ಉಸಿರು ಬಿಟ್ಟ ಕೊನೆಗೂ ಸ್ವಲ್ಪ ಒತ್ತಡ ಉಳಿಸುವುದು, ಆಗಾಗ ಶ್ವಾಸಕೋಶವನ್ನು ಪೂರ್ತಿ ಅರಳಿಸುವುದು, ಈ ಮೂರನ್ನೂ ಪಾಲಿಸಿದ ಗುಂಪಿನಲ್ಲಿ ಗಂಭೀರ ತೊಡಕುಗಳು 10.5 ಶೇಕಡಾ, ಹಳೆಯ ಪದ್ಧತಿಯ ಗುಂಪಿನಲ್ಲಿ 27.5. ಹಾಗಾದರೆ ಉಳಿಕೆ ಒತ್ತಡ ಹೆಚ್ಚಿಸಿದಷ್ಟೂ ಒಳ್ಳೆಯದೇ ಎಂದು ಕೇಳಿಕೊಂಡ 2014ರ ಪ್ರಾವಿಲೋ ಅಧ್ಯಯನ, ಒತ್ತಡವನ್ನು 12 ಸೆಂಟಿಮೀಟರ್ ನೀರಿನ ಮಟ್ಟಕ್ಕೆ ಏರಿಸಿದ್ದರಿಂದ ಲಾಭವಾಗಲಿಲ್ಲ, ರಕ್ತದೊತ್ತಡ ಮಾತ್ರ ಇಳಿಯಿತು ಎಂದು ಉತ್ತರ ಕೊಟ್ಟಿತು. ಸ್ಥೂಲಕಾಯದವರ ಮೇಲೆ 2019ರಲ್ಲಿ ಬಂದ ಪ್ರೊಬೀಸ್ ಅಧ್ಯಯನದ ಫಲಿತಾಂಶವೂ ಅದೇ ದಿಕ್ಕಿನಲ್ಲಿತ್ತು. ಉಸಿರಿನ ಪ್ರಮಾಣ ಸಣ್ಣದಿರಬೇಕೆಂಬುದರಲ್ಲಿ ಈಗ ಹೆಚ್ಚು ವಿವಾದವಿಲ್ಲ. ಒತ್ತಡ ಎಷ್ಟು ಎಂಬುದು ಒಬ್ಬೊಬ್ಬ ರೋಗಿಗೂ ನೋಡಿ ನಿರ್ಧರಿಸುವ ಸಂಗತಿಯಾಗಿ ಉಳಿದಿದೆ.

ಉಸಿರಿನ ಮೇಲೆ ಕಣ್ಣಿಡುವ ಈ ಪಾಠಕ್ಕೂ ದಕ್ಷಿಣ ಭಾರತಕ್ಕೂ ಒಂದು ಹಳೆಯ ನಂಟಿದೆ. 1888 ಮತ್ತು 1889ರಲ್ಲಿ ನಿಜಾಮರ ಹಣದಿಂದ ನಡೆದ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯರು, ಕ್ಲೋರೋಫಾರ್ಮಿನಿಂದ ಮೊದಲು ನಿಲ್ಲುವುದು ಉಸಿರು, ಹೃದಯ ಆಮೇಲೆ, ನಾಡಿ ಹಿಡಿಯುವ ಬದಲು ಉಸಿರನ್ನೇ ನೋಡುತ್ತಿರಿ ಎಂದು ಸಾರಿದರು. ಹೃದಯದ ಬಗ್ಗೆ ಅವರು ಹೇಳಿದ್ದು ತಪ್ಪೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿಕೊಟ್ಟರು. ಉಸಿರನ್ನು ನೋಡಿ ಎಂಬ ಅರ್ಧ ಮಾತ್ರ ಸರಿಯಾಗಿ ಉಳಿಯಿತು.

ಈವರೆಗೆ ಹೇಳಿದ್ದೆಲ್ಲ ಮೇಜಿನ ಮೇಲಿನದು, ತಜ್ಞರ ಕೈಯಲ್ಲಿರುವುದು. ಮೇಜಿನಿಂದ ಇಳಿದ ನಂತರದ ಕಥೆಯೇ ಬೇರೆ, ಮತ್ತು ನನ್ನ ಮಟ್ಟಿಗೆ ನಮ್ಮ ಜನ ತಿಳಿದಿರಬೇಕಾದ್ದು ಇದನ್ನೇ. ಕೈಕಾಲಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಶ್ವಾಸಕೋಶ ಒಂದೆರಡು ದಿನಗಳಲ್ಲಿ ಸರಿಹೋಗುತ್ತದೆ. ಗಾಯ ವಪೆಗೆ ಹತ್ತಿರವಾದಷ್ಟೂ ತೊಂದರೆ ಹೆಚ್ಚು. ಎದೆ ಮತ್ತು ಹೊಟ್ಟೆಯ ಮೇಲ್ಭಾಗದ ಗಾಯಗಳು ಎಲ್ಲಕ್ಕಿಂತ ಕಷ್ಟದವು. ಹೊಟ್ಟೆಯ ಮೇಲ್ಭಾಗವನ್ನು ತೆರೆದು ಮಾಡಿದ ಶಸ್ತ್ರಚಿಕಿತ್ಸೆಯ ಮರುದಿನ ರೋಗಿ ಒಂದೇ ಉಸಿರಿಗೆ ಒಳಗೆಳೆದು ಹೊರಹಾಕಬಲ್ಲ ಗಾಳಿ ಹಿಂದಿನದರ ಅರ್ಧದಷ್ಟಕ್ಕೆ ಇಳಿದಿರುತ್ತದೆ. ಉಳಿಕೆ ಗಾಳಿಯೂ ಎಚ್ಚರವಾದೊಡನೆ ಹಿಂದಿರುಗುವ ಬದಲು ಮೊದಲ ಎರಡು ದಿನ ಇನ್ನಷ್ಟು ಕುಗ್ಗಿ, ಆಮೇಲೆ ಮೆಲ್ಲನೆ ಏರುತ್ತದೆ.

ಇದಕ್ಕೆ ನೋವು ಕಾರಣವೆಂದು ಯಾರಾದರೂ ಊಹಿಸುತ್ತಾರೆ, ಊಹೆ ಅರ್ಧ ಸರಿ. ನೋವಿದ್ದಾಗ ಮನುಷ್ಯ ಮೇಲಿಂದಮೇಲೆ ಚಿಕ್ಕ ಉಸಿರು ತೆಗೆದುಕೊಳ್ಳುತ್ತಾನೆ, ಕೆಮ್ಮಲು ಹೆದರುತ್ತಾನೆ. ಆದರೆ ಮಾರ್ಫಿನ್ ಜಾತಿಯ ಔಷಧದಿಂದ ನೋವನ್ನು ಪೂರ್ತಿ ತಗ್ಗಿಸಿದರೂ ವಪೆ ಸರಿಯಾಗಿ ಇಳಿಯುವುದಿಲ್ಲವೆಂದು ಅಳೆದು ನೋಡಿದ್ದಾರೆ. ಹೊಟ್ಟೆಯೊಳಗಿನ ಅಂಗಗಳನ್ನು ಎಳೆದು ಸರಿಸಿದಾಗ ಅಲ್ಲಿಂದ ಹೊರಡುವ ನರಸಂದೇಶಗಳು ವಪೆಯ ನರವನ್ನೇ ಕೆಲವು ದಿನ ತಡೆದು ಕೂರಿಸುತ್ತವೆ. ಎದೆಯ ಮಟ್ಟದಲ್ಲಿ ಬೆನ್ನುಹುರಿಯ ಬಳಿ ಮರಗಟ್ಟಿಸುವ ಔಷಧ ಹರಿಸುವ ಎಪಿಡ್ಯೂರಲ್ ಕ್ರಮ ಇದನ್ನು ಸ್ವಲ್ಪ ಸಡಿಲಿಸುತ್ತದೆ. ಸಣ್ಣ ತೂತುಗಳ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಗೆ ಅನಿಲ ತುಂಬುವಾಗ ವಪೆ ಮೇಲಕ್ಕೊತ್ತಲ್ಪಡುವುದು ನಿಜವಾದರೂ, ಆಮೇಲಿನ ದಿನಗಳಲ್ಲಿ ಉಸಿರಿನ ಇಳಿಕೆ ತೆರೆದ ಗಾಯಕ್ಕಿಂತ ಕಡಿಮೆ, ಚೇತರಿಕೆಯೂ ಬೇಗ.

ಇದೇ ಹೊತ್ತಿಗೆ ಕಫ ಸೇರಿಕೊಳ್ಳುತ್ತದೆ. ಗಾಳಿನಳಿಗೆಯ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳಿವೆ. ಅರಿವಳಿಕೆಯ ಅನಿಲ, ಒಣ ಆಮ್ಲಜನಕ, ಗಂಟಲಿನ ನಳಿಗೆ, ಎಲ್ಲವೂ ಸೇರಿ ಆ ಗುಡಿಸುವ ಕೆಲಸವನ್ನು ನಿಧಾನಗೊಳಿಸುತ್ತವೆ. ಬೀಡಿ ಸೇದಿದವರಲ್ಲಿ ಆ ರೋಮಗಳು ಮೊದಲೇ ಸೊರಗಿರುತ್ತವೆ. ಗುಡಿಸಲು ಆಳಿಲ್ಲ, ಕೆಮ್ಮಲು ಬಲವಿಲ್ಲ, ಕುಸಿದ ಭಾಗದಲ್ಲಿ ಕಫ ನಿಂತಿದೆ, ಅಲ್ಲಿ ರೋಗಾಣು ಬೆಳೆಯಲು ಎರಡು ಮೂರು ದಿನ ಸಾಕು. ಮೂರನೆಯ ದಿನದ ಜ್ವರದ ಗುಟ್ಟು ಇಲ್ಲಿದೆ. ಅಷ್ಟರಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದರೆ ಆಕ್ಸಿಮೀಟರಿನ ಅಂಕಿ 97, 98 ಎಂದು ಚೆನ್ನಾಗಿಯೇ ಕಾಣಬಹುದು ಎಂಬುದನ್ನೂ ನೆನಪಿಡಬೇಕು. ಹೊರಗಿನಿಂದ ಕೊಡುವ ಆಮ್ಲಜನಕ ಅಂಕಿಯನ್ನು ಎತ್ತಿ ಹಿಡಿಯುತ್ತದೆ, ಉಸಿರಾಟ ಎಷ್ಟು ದುರ್ಬಲವಾಗಿದೆ ಎಂಬುದನ್ನು ಮರೆಮಾಡುತ್ತದೆ.

“ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರೆ ಶ್ವಾಸಕ್ಕೆ ಏನೂ ಆಗುವುದಿಲ್ಲ” ಎಂಬ ನಂಬಿಕೆಯನ್ನೂ ತೂಗಿನೋಡಬೇಕು. ಸೊಂಟದ ಕೆಳಗಿನ ಶಸ್ತ್ರಚಿಕಿತ್ಸೆಗಳಲ್ಲಿ ಸ್ಪೈನಲ್ ಅರಿವಳಿಕೆ ಉಸಿರಿಗೆ ಹಿತ ಎಂಬುದು ನಿಜ, ವಪೆಯ ನರ ಕತ್ತಿನಿಂದ ಬರುವುದರಿಂದ ಅದಕ್ಕೆ ತೊಂದರೆಯಿಲ್ಲ. ಆದರೆ ಮರಗಟ್ಟುವಿಕೆ ಹೊಟ್ಟೆಯ ಮೇಲ್ಭಾಗಕ್ಕೆ ಏರಿದರೆ ಪಕ್ಕೆ ಮತ್ತು ಹೊಟ್ಟೆಯ ಸ್ನಾಯುಗಳು ಸಡಿಲಾಗಿ ಕೆಮ್ಮು ದುರ್ಬಲವಾಗುತ್ತದೆ. ಉಬ್ಬಸದವರಿಗೆ ಕೆಮ್ಮೇ ಆಸರೆ. ಭುಜದ ಶಸ್ತ್ರಚಿಕಿತ್ಸೆಗೆ ಕತ್ತಿನ ಬದಿಯಲ್ಲಿ ಕೊಡುವ ಮರಗಟ್ಟಿಸುವ ಇಂಜೆಕ್ಷನ್ ಹಳೆಯ ಪ್ರಮಾಣದಲ್ಲಿ ಆ ಬದಿಯ ವಪೆಯನ್ನು ಹೆಚ್ಚುಕಡಿಮೆ ಎಲ್ಲರಲ್ಲೂ ಕೆಲವು ಗಂಟೆ ನಿಷ್ಕ್ರಿಯಗೊಳಿಸುತ್ತದೆ. ಯಾವುದು ಯಾರಿಗೆ ಎಂಬುದನ್ನು ತಜ್ಞರಿಗೇ ಬಿಡುವುದು ಲೇಸು, ಆದರೆ ಅವರಿಗೆ ನಿಜ ಸಂಗತಿ ಹೇಳಿರಬೇಕು.

ನಮ್ಮ ಕಡೆಯ ಮುಖ್ಯ ಕೊರತೆ ಈ ಹೇಳುವುದರಲ್ಲಿದೆ. ಕಾಸರಗೋಡಿನ ಕನ್ನಡಿಗರ ಆಸ್ಪತ್ರೆಯ ಮಾತು ಮೂರು ಭಾಷೆಗಳ ನಡುವೆ ತೂಗಾಡುತ್ತದೆ. ಮಲಯಾಳದಲ್ಲಿ ‘ವಲಿಕ್ಕುಗ’ ಎಂದರೆ ಎಳೆಯುವುದು, ಸೇದುವುದು ಎಂದೂ ಆಗುತ್ತದೆ. ‘ವಲಿವ್’ ಎಂದರೆ ಉಬ್ಬಸ. ನರ್ಸ್ ಒಬ್ಬರು “ವಲಿಕ್ಕುಮೋ” ಎಂದು ಕೇಳಿದರೆ ಬೀಡಿ ಸಿಗರೇಟಿನ ಪ್ರಶ್ನೆ, “ವಲಿವುಂಡೋ” ಎಂದರೆ ಉಬ್ಬಸದ ಪ್ರಶ್ನೆ. ಕಿವಿ ಮಂದವಾದ, ಮನೆಯಲ್ಲಿ ಕನ್ನಡವೋ ತುಳುವೋ ಮಾತ್ರ ಆಡುವ ಹಿರಿಯರು ಎರಡಕ್ಕೂ ಒಂದೇ ‘ಇಲ್ಲ’ ಹೇಳಿ ಮುಗಿಸುವುದನ್ನು ನಾನೇ ಕಂಡಿದ್ದೇನೆ. ಮೂವತ್ತು ವರ್ಷ ಸೇದಿ ಕಳೆದ ದೀಪಾವಳಿಗೆ ಬಿಟ್ಟವರೂ ‘ಇಲ್ಲ’ ಎನ್ನುತ್ತಾರೆ. ಇನ್ನು ಹೆಂಗಸರನ್ನು ಆ ಪ್ರಶ್ನೆ ಕೇಳುವುದೇ ಇಲ್ಲ, ಕೇಳಿದರೂ ಉತ್ತರ ಸತ್ಯವಾಗಿಯೇ ‘ಇಲ್ಲ’. ಆದರೆ ನಲವತ್ತು ವರ್ಷ ಅಡಿಕೆ ಸಿಪ್ಪೆ, ತೆಂಗಿನ ಮಡಲು, ಹಸಿ ಸೌದೆ ಉರಿಸಿ ಬಚ್ಚಲ ಹಂಡೆಗೆ ಬೆಂಕಿ ಹಾಕಿದ, ಮಳೆಗಾಲದಲ್ಲಿ ಉರಿಯದ ಒಲೆಗೆ ಕೊಳವೆಯಿಂದ ಊದಿದ ಅತ್ತೆಯಂದಿರ ಶ್ವಾಸಕೋಶದಲ್ಲಿ ಸೇದುವವರಲ್ಲಿ ಕಾಣುವಂಥದ್ದೇ ಹಳೆಯ ಕಾಯಿಲೆ ಇರಬಹುದು. ಹೊಗೆಯ ಒಲೆಯಿಂದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಬರುತ್ತದೆಂಬುದು ಸ್ಥಾಪಿತ ವಿಷಯ. ಅರಿವಳಿಕೆಯ ಮೊದಲಿನ ತಪಾಸಣೆಯಲ್ಲಿ ಒಲೆಯ ಪ್ರಸ್ತಾಪ ನಾವಾಗಿಯೇ ಮಾಡಬೇಕಾಗುತ್ತದೆ.

ಎರಡನೆಯದು ದೂರ. ದೊಡ್ಡ ಶಸ್ತ್ರಚಿಕಿತ್ಸೆ ಎಂದರೆ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆಯವರಿಗೆ ಮಂಗಳೂರೇ. ಈ ಅವಲಂಬನೆ ಎಷ್ಟು ಆಳದ್ದೆಂಬುದು 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿಯಲ್ಲಿ ಆ್ಯಂಬುಲೆನ್ಸುಗಳು ನಿಂತಾಗ ಎಲ್ಲರಿಗೂ ಕಾಣಿಸಿತು. ಸಾಮಾನ್ಯ ದಿನಗಳಲ್ಲಿ ಹೋಗಿಬರುವುದು ಕಷ್ಟವಲ್ಲ, ಆದರೆ ಆಪರೇಷನ್ನಿಗೆ ಮೊದಲು ಫಿಸಿಯೋಥೆರಪಿಗೆಂದು ಒಂದು ಸಲ, ಅರಿವಳಿಕೆ ತಜ್ಞರನ್ನು ಕಾಣಲು ಇನ್ನೊಂದು ಸಲ ಐವತ್ತು ಕಿಲೋಮೀಟರ್ ಹೋಗುವವರು ಯಾರು? ಎಲ್ಲವೂ ರೋಗಿಯನ್ನು ಆಸ್ಪತ್ರೆಗೆ ಸೇರಿಸಿದ ದಿನವೇ ಆಗುತ್ತದೆ, ಎಂದರೆ ಅವಸರದಲ್ಲಿ ಆಗುತ್ತದೆ. ಬೇಗ ಮನೆಗೆ ಕಳುಹಿಸುವುದೂ ಈಗ ರೂಢಿ. ಮೂರನೆಯ ದಿನ ಬರುವ ಹೊತ್ತಿಗೆ ರೋಗಿ ಎಲ್ಲೋ ಗುಡ್ಡದ ಬದಿಯ ಮನೆಯಲ್ಲಿ, ಮಂಚದಲ್ಲಿ ಅಂಗಾತ ಮಲಗಿರುತ್ತಾರೆ. ಅಂಗಾತ ಮಲಗಿದರೆ ಏನಾಗುತ್ತದೆಂದು ಮೇಲೆ ಹೇಳಿದೆ.

ಈ ಕೊರತೆ ತುಂಬುವುದಕ್ಕೆ ದೊಡ್ಡ ಯಂತ್ರವೇನೂ ಬೇಡ ಎಂಬುದಕ್ಕೆ ಬಲವಾದ ಆಧಾರ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮೂರು ಆಸ್ಪತ್ರೆಗಳಲ್ಲಿ ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಗೆ ಹೆಸರು ಬರೆಸಿದ 441 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ಪುಸ್ತಿಕೆ ಮಾತ್ರ, ಉಳಿದವರಿಗೆ ಪುಸ್ತಿಕೆಯ ಜೊತೆಗೆ ಫಿಸಿಯೋಥೆರಪಿಸ್ಟ್ ಒಬ್ಬರೊಡನೆ ಅರ್ಧ ಗಂಟೆಯ ಮಾತು. ಶ್ವಾಸಕೋಶ ಯಾಕೆ ಕುಸಿಯುತ್ತದೆ, ಎಚ್ಚರವಾದ ಕ್ಷಣದಿಂದಲೇ ಗಂಟೆಗಂಟೆಗೂ ಹೇಗೆ ದೀರ್ಘ ಉಸಿರು ತೆಗೆದುಕೊಳ್ಳಬೇಕು, ಹೇಗೆ ಕೆಮ್ಮಬೇಕು, ಇಷ್ಟೇ ಪಾಠ. ಪುಸ್ತಿಕೆ ಮಾತ್ರ ಪಡೆದವರಲ್ಲಿ 27 ಶೇಕಡಾ ಮಂದಿಗೆ ಶ್ವಾಸಕೋಶದ ತೊಡಕು ಬಂತು, ಮಾತು ಕೇಳಿದವರಲ್ಲಿ 12. ಕಾರಣ ತಿಳಿದವನು ನೋವಿದ್ದರೂ ಮಾಡುತ್ತಾನೆ ಎಂಬುದಲ್ಲದೆ ಇದಕ್ಕೆ ಬೇರೆ ವಿವರಣೆ ನನಗೆ ತೋಚುವುದಿಲ್ಲ, ಮತ್ತು ಕಾರಣ ತಿಳಿಯುವುದು ತನ್ನ ಭಾಷೆಯಲ್ಲಿ ಮಾತ್ರ. ಕನ್ನಡ ಬಲ್ಲ ಒಬ್ಬ ಫಿಸಿಯೋಥೆರಪಿಸ್ಟ್ ಫೋನಿನ ವಿಡಿಯೋದಲ್ಲಿ ಅರ್ಧ ಗಂಟೆ ಮಾತಾಡಿದರೂ ಆ ಐವತ್ತು ಕಿಲೋಮೀಟರಿನ ತೊಡಕು ನೀಗುತ್ತದಲ್ಲವೇ ಎಂದು ಕೇಳುವುದು ಅತಿಯಾಸೆಯಾಗದು.

ಮೂರು ಗೋಲಿಗಳ ಸಾಧನದ ಬಗ್ಗೆ ಒಂದು ಮಾತು. ಅದರ ಮೈಮೇಲೆ 600, 900, 1200 ಎಂದು ಅಚ್ಚಾಗಿರುತ್ತದೆ. ಸೆಕೆಂಡಿಗೆ ಅಷ್ಟು ಮಿಲಿಲೀಟರ್ ವೇಗದಲ್ಲಿ ಗಾಳಿ ಒಳಗೆಳೆದರೆ ಒಂದೊಂದು ಗೋಲಿ ಮೇಲೇರುತ್ತದೆ ಎಂದರ್ಥ. ಮಾವನಿಗೆ ಅದನ್ನು ಮನೆಯಲ್ಲಿ ಕೊಟ್ಟಾಗ ಅವರು ಒಲೆ ಊದುವಂತೆ ಊದಿದರು, ಗೋಲಿ ಅಲುಗಲಿಲ್ಲ. “ಊದುವುದಲ್ಲ ಮಾವ, ಎಳನೀರು ನಳಿಗೆಯಲ್ಲಿ ಎಳೆದ ಹಾಗೆ ಎಳೆಯಿರಿ” ಎಂದ ಮೇಲೆ ಒಂದೇ ಎಳೆತಕ್ಕೆ ಮೂರೂ ಗೋಲಿ ಠಕ್ಕೆಂದು ಮೇಲೆ ಬಡಿದವು, ಮರುಕ್ಷಣ ಬಿದ್ದವು. ಅದೂ ಸರಿಯಾದ ಕ್ರಮವಲ್ಲ. ಗೋಲಿ ಹಾರಿಸುವುದು ವೇಗದ ಆಟ. ಶ್ವಾಸಕೋಶದ ತಳ ತೆರೆಯಲು ಬೇಕಾದ್ದು ನಿಧಾನ ಮತ್ತು ಹಿಡಿತ. ಎರಡು ಗೋಲಿಗಳನ್ನು ಎತ್ತಿ ಮೂರು ಸೆಕೆಂಡು ಮೇಲೆಯೇ ನಿಲ್ಲಿಸುವುದು ಮೂರನ್ನೂ ಬಡಿಯುವುದಕ್ಕಿಂತ ಉಪಯುಕ್ತ. ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಯಲ್ಲಿ ಈ ಸಾಧನವೊಂದರಿಂದಲೇ ತೊಡಕು ಕಡಿಮೆಯಾಗುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲವೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿದ 2014ರ ಕಾಕ್ರೇನ್ ಪರಿಶೀಲನೆ ಹೇಳಿದೆ. ಹಾಗಾಗಿ ಅದಿಲ್ಲವೆಂದು ಕೊರಗಬೇಕಿಲ್ಲ. ದಿಂಬಿಗೊರಗಿ ಕುಳಿತು, ಮೂಗಿನಿಂದ ನಿಧಾನವಾಗಿ ತುಂಬಿಸಿಕೊಂಡು, ಮೂರು ಎಣಿಸುವವರೆಗೆ ಹಿಡಿದು ಬಿಡುವುದು. ಹತ್ತು ಸಲ ಹೀಗೆ ಮಾಡಿ, ಮಡಿಸಿದ ಬೈರಾಸನ್ನು, ಅಂದರೆ ಟವೆಲನ್ನು, ಗಾಯದ ಮೇಲೆ ಎರಡೂ ಕೈಗಳಿಂದ ಒತ್ತಿ ಹಿಡಿದು ಎರಡು ಮೂರು ಸಲ ಗಟ್ಟಿಯಾಗಿ ಕೆಮ್ಮುವುದು. ಹೊಲಿಗೆ ಬಿಚ್ಚೀತೆಂಬ ಹೆದರಿಕೆಗೆ ಆ ಬೈರಾಸೇ ಉತ್ತರ. ಇದಕ್ಕಿಂತಲೂ ಹೆಚ್ಚು ಕೆಲಸ ಮಾಡುವುದು ಎದ್ದು ಕುಳಿತುಕೊಳ್ಳುವುದು ಮತ್ತು ನಡೆಯುವುದು. “ಪಾಪ, ಮಲಗಲಿ ಬಿಡು” ಎಂಬ ನಮ್ಮ ಪ್ರೀತಿ ಇಲ್ಲಿ ರೋಗಿಗೆ ಉಪಕಾರ ಮಾಡುವುದಿಲ್ಲ.

ಮೊದಲು ಮಾಡಬೇಕಾದವುಗಳಲ್ಲಿ ಸೇದುವುದನ್ನು ಬಿಡುವುದೇ ದೊಡ್ಡದು. ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟವರಿಗೆ ತೊಡಕುಗಳು ಕಡಿಮೆ, ಅಲ್ಲಿಂದಾಚೆ ಬಿಟ್ಟ ಒಂದೊಂದು ವಾರವೂ ಫಲಿತಾಂಶವನ್ನು 19 ಶೇಕಡಾ ಉತ್ತಮಗೊಳಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಆಪರೇಷನ್ನಿನ ಹತ್ತಿರ ಬಂದು ಬಿಟ್ಟರೆ ಕಫ ಹೆಚ್ಚಾಗಿ ಕೆಡುಕಾಗುತ್ತದೆ ಎಂಬ ಹಳೆಯ ಮಾತಿಗೆ ಗಟ್ಟಿ ಆಧಾರ ಸಿಕ್ಕಿಲ್ಲ. ಹಿಂದಿನ ದಿನ ಬಿಟ್ಟರೂ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಇಳಿದು ಅಷ್ಟರಮಟ್ಟಿಗೆ ಲಾಭವೇ.

ಆಟಿ ತಿಂಗಳ ಮಳೆಯಲ್ಲಿ ಮಕ್ಕಳ ಟಾನ್ಸಿಲ್, ಹರ್ನಿಯ ಶಸ್ತ್ರಚಿಕಿತ್ಸೆಗೆ ದಿನ ಸಿಕ್ಕಿದವರು, ದಿನ ತಪ್ಪೀತೆಂದು ಮಗುವಿನ ಶೀತ ಕೆಮ್ಮನ್ನು ಮುಚ್ಚಿಡುವುದುಂಟು. ಶೀತ ವಾಸಿಯಾದಂತೆ ಕಂಡರೂ ಮಕ್ಕಳ ಗಾಳಿನಳಿಗೆ ಎರಡರಿಂದ ಆರು ವಾರ ಸೂಕ್ಷ್ಮವಾಗಿಯೇ ಇರುತ್ತದೆ, ನಳಿಗೆ ಇಳಿಸುವಾಗ ಬಿಗಿದುಕೊಳ್ಳುವ ಸಂಭವ ಹೆಚ್ಚು. ದೊಡ್ಡವರಲ್ಲೂ ಕಳೆದೊಂದು ತಿಂಗಳಲ್ಲಿ ಆದ ಶ್ವಾಸಕೋಶದ ಸೋಂಕು ಅಪಾಯದ ಅಂದಾಜಿನಲ್ಲಿ ಎಣಿಕೆಗೆ ಬರುತ್ತದೆ. 2010ರಲ್ಲಿ ಸ್ಪೇನಿನ ಕಟಲೂನಿಯಾದಿಂದ ಬಂದ ಅರಿಸ್ಕಾಟ್ ಎಂಬ ಅಂಕಪಟ್ಟಿಯಲ್ಲಿ ವಯಸ್ಸು, ಗಾಯದ ಜಾಗ, ಶಸ್ತ್ರಚಿಕಿತ್ಸೆಯ ಅವಧಿ, ತುರ್ತು, ರಕ್ತಹೀನತೆಗಳ ಜೊತೆ ಈ ಸೋಂಕೂ, ಮೇಜಿಗೆ ಹೋಗುವ ಮೊದಲಿನ ಆಮ್ಲಜನಕದ ಅಂಕಿಯೂ ಸೇರಿವೆ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಈಗ ಅನೇಕ ಮನೆಗಳ ಕಪಾಟಿನಲ್ಲಿದೆ. ಬ್ಯಾಟರಿ ಹಾಕಿ, ಆಪರೇಷನ್ನಿಗೆ ಒಂದು ವಾರ ಮೊದಲು ಕುಳಿತಲ್ಲಿ ನೋಡಿ ಬರೆದಿಟ್ಟುಕೊಂಡರೆ 95 ಅಥವಾ ಅದಕ್ಕಿಂತ ಕೆಳಗಿನ ಅಂಕಿ ತಜ್ಞರಿಗೆ ಉಪಯೋಗದ ಸುದ್ದಿ. ಆಮೇಲೆ ಮನೆಗೆ ಮರಳಿದ ದಿನಗಳಲ್ಲಿ ಹೋಲಿಸಲೂ ಅದೇ ಅಂಕಿ ಬೇಕಾಗುತ್ತದೆ.

ತೊಡಕಿಲ್ಲದಿದ್ದರೆ ಉಳಿಕೆ ಗಾಳಿ ಒಂದು ವಾರ, ಹತ್ತು ದಿನಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಆಳವಾಗಿ ಎಳೆದು ಬಿಡುವ ಶಕ್ತಿಗೆ ಎರಡು ವಾರದಷ್ಟು ಬೇಕಾಗಬಹುದು. ಅಲ್ಲಿಯವರೆಗೆ ಜ್ವರ, ಹಳದಿ ಹಸಿರು ಕಫ, ಕುಳಿತಲ್ಲೇ ಏದುಸಿರು, ಆಕ್ಸಿಮೀಟರಿನ ಅಂಕಿ ಹಳೆಯದಕ್ಕಿಂತ ಮೂರು ನಾಲ್ಕು ಇಳಿಯುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಸೋಮವಾರದ ಓಪಿಗೆ ಕಾಯದೆ ಅಂದೇ ಹತ್ತಿರದ ವೈದ್ಯರಲ್ಲಿಗೆ ಹೋಗಿ ಎದೆಗೆ ಸ್ಟೆತಸ್ಕೋಪ್ ಇಡಿಸಿಕೊಳ್ಳಬೇಕು. ಕುಳ್ಳಿರಿಸಿ, ಅಂಗಿ ಎತ್ತಿಸಿ, ಬೆನ್ನಿನ ಕೆಳಭಾಗದಲ್ಲಿಯೂ ಆಲಿಸಲು ಹೇಳಿ, ಶ್ವಾಸಕೋಶ ಮೊದಲು ಕುಸಿಯುವುದು ಅಲ್ಲಿಯೇ.